ವರ್ಚುವಲ್ ಡೇಟಾ ಸೆಂಟರ್‌ನಲ್ಲಿ ಆ್ಯಪ್ ಓಡುತ್ತಿದೆಯಾ? ಡ್ಯಾಶ್‌ಬೋರ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಎಂವೇರ್ ವಿಸ್ಪಿಯರ್ (ಹೋಸ್ಟ್ ಅನ್ನುವ ಒಂದು ಭೌತಿಕ ಯಂತ್ರದ ಮೇಲೆ ವಿಎಂ ಅನ್ನುವ ಹಲವು ವರ್ಚುವಲ್ ಸರ್ವರ್ ಓಡಿಸುವ ಸಾಫ್ಟ್‌ವೇರ್) ಮೇಲೆ ಸರ್ವರ್ ನಡೆಸುವವರು, ಎನ್‌ಒಸಿಯಲ್ಲಿ (ನೆಟ್‌ವರ್ಕ್ ಕಾವಲು ಕೇಂದ್ರ) ಶಿಫ್ಟ್ ಮಾಡುವವರು, ಆ್ಯಪ್ ಟೀಮಿನವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಉದಾಹರಣೆಗಳು ಹೆಚ್ಚಾಗಿ ವಿಸ್ಪಿಯರ್‌ನವೇ. ಬೇರೆ ಹೈಪರ್‌ವೈಸರ್ (ವಿಎಂ ಓಡಿಸುವ ಇಂಥ ಸಾಫ್ಟ್‌ವೇರ್) ಇರುವವರಿಗೆ ಕೊನೆಯ ಕಡೆ ಒಂದು ಉತ್ತರ ಇದೆ.

ವಿಎಂ ಹಸಿರು ತೋರಿಸ್ತಿದೆ, ಆದ್ರೆ ಬಳಕೆದಾರರು ಆ್ಯಪ್ ಬರ್ತಿಲ್ಲ ಅಂತ ಫೋನ್ ಮಾಡ್ತಿದ್ದಾರೆ. ಯಾರ ಮಾತು ನಿಜ?

ಎರಡೂ ನಿಜ. ವಿಸೆಂಟರ್‌ನಲ್ಲಿ (ಎಲ್ಲ ಹೋಸ್ಟ್‌ಗಳನ್ನೂ ವಿಎಂಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಸರ್ವರ್) ವಿಎಂ ಹೆಸರಿನ ಪಕ್ಕ ಕಾಣುವ ಹಸಿರು ಗುರುತಿಗೆ ಇರುವ ಅರ್ಥ ಒಂದೇ: ವಿಎಂ ಪವರ್ ಆನ್ ಆಗಿದೆ. ಒಳಗೆ ಏನು ನಡೆಯುತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಒಂದು ಲಿನಕ್ಸ್ ವಿಎಂ ತೆಗೆದುಕೊಳ್ಳಿ. ಅದರಲ್ಲಿ ಜಾವಾ ಆ್ಯಪ್‌ಗಳನ್ನು ನಡೆಸುವ ಟಾಮ್‌ಕ್ಯಾಟ್ ಓಡುತ್ತಿದೆ. ಅದರ ಮೆಮೊರಿ ಜಾಗ, ಅಂದರೆ ಜಾವಾ ಹೀಪ್, ತುಂಬಿ ಹೋಗಿದೆ. ಜಾಗ ಖಾಲಿ ಮಾಡಲು ಗಾರ್ಬೇಜ್ ಕಲೆಕ್ಟರ್ ಒದ್ದಾಡುತ್ತಿದೆ, ಸಿಪಿಯು ಪೂರ್ತಿ ಅದಕ್ಕೇ ಹೋಗುತ್ತಿದೆ. ಒಳಗೆ ಲಾಗಿನ್ ಆಗಿ ಪಿಎಸ್ ಕಮಾಂಡ್ ಕೊಟ್ಟರೆ ಪ್ರೊಸೆಸ್ ಇದೆ. 8080 ಪೋರ್ಟ್ ತೆರೆದೇ ಇದೆ, ಟೆಲ್ನೆಟ್ ಮಾಡಿದರೆ ಕನೆಕ್ಟ್ ಆಗುತ್ತದೆ. ಪಿಂಗ್‌ಗೆ ಉತ್ತರ ಬರುತ್ತದೆ. ವಿಎಂ ಒಳಗೆ ಹಾಕಿರುವ ಸಹಾಯಕ ಸಾಫ್ಟ್‌ವೇರ್ ವಿಎಂವೇರ್ ಟೂಲ್ಸ್ ತನ್ನ ಹಾರ್ಟ್‌ಬೀಟ್ ("ನಾನಿದ್ದೇನೆ" ಅನ್ನುವ ಸಂಕೇತ) ತಪ್ಪದೆ ಕಳಿಸುತ್ತಿದೆ. ಹೀಗೆ ನೀವು ಹಾಕಿರುವ ಪ್ರತಿ ತಪಾಸಣೆಯೂ ಪಾಸ್. ಲಾಗಿನ್ ಪುಟ ಮಾತ್ರ ಸುತ್ತುತ್ತಲೇ ಇದೆ.

ಹೋಸ್ಟ್, ವಿಎಂ, ಓಎಸ್, ಪ್ರೊಸೆಸ್, ಪ್ರೊಸೆಸ್ ಕೊಡುವ ಉತ್ತರ. ಹೀಗೆ ಐದು ಮಟ್ಟ ಇವೆ ಅಂದುಕೊಳ್ಳಿ. ಬಳಕೆದಾರನಿಗೆ ಬೇಕಿರುವುದು ಐದನೆಯದು. ಇನ್‌ಫ್ರಾ ಟೀಮಿನ ಹೆಚ್ಚಿನ ಡ್ಯಾಶ್‌ಬೋರ್ಡ್‌ಗಳು ಎರಡನೆಯದಕ್ಕೇ ನಿಂತುಬಿಡುತ್ತವೆ. ಮುಂದಿನ ಉತ್ತರಗಳೆಲ್ಲ ಈ ಅಂತರ ಮುಚ್ಚುವುದರ ಬಗ್ಗೆಯೇ.

ವಿಸ್ಪಿಯರ್ ಎಚ್‌ಎ (ಹೈ ಅವೈಲಬಿಲಿಟಿ) ಆನ್ ಇದೆಯಲ್ಲ, ಅದು ಸಾಲಲ್ವಾ?

ಹೋಸ್ಟ್ ಬಿದ್ದರೆ ಸಾಕು. ಆ್ಯಪ್ ಬಿದ್ದರೆ ಸಾಲದು.

ಎಚ್‌ಎ ಹುಟ್ಟಿದ್ದೇ ಹೋಸ್ಟ್‌ಗಾಗಿ. 2006ರಲ್ಲಿ ವಿಎಂವೇರ್ ಇನ್‌ಫ್ರಾಸ್ಟ್ರಕ್ಚರ್ 3 ಜೊತೆ ಬಂತು. 2011ರ ವಿಸ್ಪಿಯರ್ 5ರಲ್ಲಿ ಅದನ್ನು ಹೊಸದಾಗಿ ಬರೆದರು, ಪ್ರತಿ ಹೋಸ್ಟ್‌ನಲ್ಲೂ ಎಫ್‌ಡಿಎಂ ಅನ್ನುವ ಏಜೆಂಟ್ ಬಂದು ಕೂತಿತು. ಕ್ಲಸ್ಟರ್‌ನಲ್ಲಿ, ಅಂದರೆ ಹೋಸ್ಟ್‌ಗಳ ಗುಂಪಿನಲ್ಲಿ, ಒಂದು ಹೋಸ್ಟ್ ಯಜಮಾನ. ಅದು ಉಳಿದವುಗಳ ಜೊತೆ ಸೆಕೆಂಡಿಗೊಮ್ಮೆ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೇಲೆ ಹಾರ್ಟ್‌ಬೀಟ್ ನಡೆಸುತ್ತದೆ. ಯಾವುದಾದರೂ ಹೋಸ್ಟ್‌ನಿಂದ ಸದ್ದಿಲ್ಲ ಅಂದರೆ ವಿಎಂ ಫೈಲ್‌ಗಳಿರುವ ಸ್ಟೋರೇಜ್, ಅಂದರೆ ಡೇಟಾಸ್ಟೋರ್ ಕಡೆ ನೋಡುತ್ತದೆ: ಅಲ್ಲಾದರೂ ಉಸಿರಾಡುತ್ತಿದೆಯಾ ಅಂತ. ಪಿಂಗ್ ಕೂಡ ಮಾಡುತ್ತದೆ. ಎಲ್ಲೂ ಇಲ್ಲ ಅಂದರೆ ಆ ಹೋಸ್ಟ್ ಸತ್ತಿತು ಅಂತ ತೀರ್ಮಾನಿಸಿ, ಅದರ ವಿಎಂಗಳನ್ನು ಬೇರೆ ಹೋಸ್ಟ್‌ಗಳಲ್ಲಿ ಸ್ಟಾರ್ಟ್ ಮಾಡುತ್ತದೆ. ಈ ತೀರ್ಮಾನಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಆಮೇಲೆ ಓಎಸ್ ಬೂಟ್ ಆಗಬೇಕು, ಡೇಟಾಬೇಸ್ ರಿಕವರಿ ಮುಗಿಸಬೇಕು, ಆ್ಯಪ್ ಏಳಬೇಕು. ನಿಜವಾದ ಕಾಯುವಿಕೆ ಇರುವುದು ಅಲ್ಲಿ.

ಹೋಸ್ಟ್ ಗಟ್ಟಿಮುಟ್ಟಾಗಿದ್ದು ಟಾಮ್‌ಕ್ಯಾಟ್ ಮಾತ್ರ ಸತ್ತರೆ ಎಚ್‌ಎಗೆ ಅದು ತನ್ನ ಸುದ್ದಿಯೇ ಅಲ್ಲ.

ಫಾಲ್ಟ್ ಟಾಲರೆನ್ಸ್ ಹಾಕಿದ್ರೆ?

ಅದು ಅದೇ ವಿಎಂನ ಇನ್ನೊಂದು ಪ್ರತಿಯನ್ನು ಬೇರೆ ಹೋಸ್ಟ್‌ನಲ್ಲಿ ಜೊತೆಜೊತೆಗೇ ಓಡಿಸುತ್ತದೆ. ಹೋಸ್ಟ್ ಹೋದರೆ ಕ್ಷಣದಲ್ಲಿ ಎರಡನೆಯದು ಮುಂದುವರಿಸುತ್ತದೆ. ಆದರೆ ಮೊದಲನೆಯದರಲ್ಲಿ ಆ್ಯಪ್ ಕ್ರ್ಯಾಶ್ ಆದರೆ ಪ್ರತಿಯಲ್ಲೂ ಅದೇ ಕ್ರ್ಯಾಶ್.

ವಿಎಂ ಮಾನಿಟರಿಂಗ್, ಅಪ್ಲಿಕೇಶನ್ ಮಾನಿಟರಿಂಗ್ ಅಂತ ಎಚ್‌ಎ ಸೆಟ್ಟಿಂಗ್‌ನಲ್ಲಿ ಕಾಣ್ತದೆ. ಏನದು?

ಬಹಳ ಜನ ಮುಟ್ಟದೇ ಬಿಡುವ ಜಾಗ ಇದು. ಅಲ್ಲಿ ಮೂರು ಆಯ್ಕೆ ಇವೆ: ಆಫ್, ವಿಎಂ ಮಾತ್ರ, ವಿಎಂ ಮತ್ತು ಅಪ್ಲಿಕೇಶನ್. ನೀವಾಗಿ ಬದಲಿಸುವವರೆಗೆ ಆಫ್ ಆಗೇ ಇರುತ್ತದೆ.

ವಿಎಂ ಮಾನಿಟರಿಂಗ್ ಆನ್ ಮಾಡಿದರೆ ಎಚ್‌ಎ ವಿಎಂವೇರ್ ಟೂಲ್ಸ್‌ನ ಹಾರ್ಟ್‌ಬೀಟ್ ಗಮನಿಸುತ್ತದೆ. ಅದು ನಿಂತ ಕೂಡಲೇ ರೀಸೆಟ್ ಮಾಡಿಬಿಡುವುದಿಲ್ಲ. ಕಳೆದ 120 ಸೆಕೆಂಡಿನಲ್ಲಿ ಆ ವಿಎಂ ಡಿಸ್ಕ್ ಅಥವಾ ನೆಟ್‌ವರ್ಕ್ ಮುಟ್ಟಿದೆಯಾ ಅಂತ ನೋಡುತ್ತದೆ. ಮುಟ್ಟಿದ್ದರೆ ಟೂಲ್ಸ್ ಮಾತ್ರ ಸತ್ತಿರಬಹುದು ಅಂತ ಬಿಡುತ್ತದೆ. ಏನೂ ಇಲ್ಲದಿದ್ದರೆ ರೀಸೆಟ್. ರೀಸೆಟ್‌ಗೆ ಮುಂಚೆ ಕನ್ಸೋಲ್‌ನ ಸ್ಕ್ರೀನ್‌ಶಾಟ್ ತೆಗೆದು ವಿಎಂ ಫೋಲ್ಡರ್‌ನಲ್ಲೇ ಇಡುತ್ತದೆ. ಬೆಳಿಗ್ಗೆ ಕಾರಣ ಹುಡುಕುವವರು ಈ ಚಿತ್ರವನ್ನು ಮೊದಲು ನೋಡಬೇಕು. ನೀಲಿ ಪರದೆಯೋ ಕರ್ನಲ್ ಪ್ಯಾನಿಕ್ಕೋ ಅಲ್ಲೇ ಗೊತ್ತಾಗುತ್ತದೆ. ಡೇಟಾಸ್ಟೋರ್‌ನಲ್ಲಿ ಇಂಥದ್ದೊಂದು ಬಿದ್ದಿರುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಎಷ್ಟು ಬೇಗ ರೀಸೆಟ್ ಆಗಬೇಕು ಅನ್ನುವುದಕ್ಕೆ ಮೂರು ಮಟ್ಟ ಇವೆ. ಹೈ ಇಟ್ಟರೆ 30 ಸೆಕೆಂಡು ಸದ್ದಿಲ್ಲದಿದ್ದರೆ ಕ್ರಮ, ಗಂಟೆಗೆ ಹೆಚ್ಚೆಂದರೆ 3 ರೀಸೆಟ್. ಮೀಡಿಯಂ ಇಟ್ಟರೆ 60 ಸೆಕೆಂಡು, 24 ಗಂಟೆಯಲ್ಲಿ 3. ಲೋ ಇಟ್ಟರೆ 120 ಸೆಕೆಂಡು, 7 ದಿನದಲ್ಲಿ 3. ಮಿತಿ ಮುಗಿದ ಮೇಲೆ ಎಚ್‌ಎ ಕೈಕಟ್ಟಿ ಕೂರುತ್ತದೆ. ಇದು ಸರಿಯಾದ ನಡವಳಿಕೆಯೇ. ಹಾಳಾದ ವಿಎಂ ಒಂದನ್ನು ರಾತ್ರಿಯಿಡೀ ಬೂಟ್ ಮಾಡುತ್ತ ಕೂತರೆ ಯಾರಿಗೂ ಲಾಭವಿಲ್ಲ. ಆದರೆ ಮೂರನೇ ರೀಸೆಟ್ ಆದಾಗ ಡ್ಯಾಶ್‌ಬೋರ್ಡ್ ಜೋರಾಗಿ ಕೂಗಬೇಕು. ಮುಂದಿನ ಸಲ ಯಾರೂ ಎಬ್ಬಿಸಲು ಬರುವುದಿಲ್ಲ.

ಅಪ್ಲಿಕೇಶನ್ ಮಾನಿಟರಿಂಗ್ ಇನ್ನೊಂದು ಹೆಜ್ಜೆ ಒಳಗೆ ಹೋಗುತ್ತದೆ. ಗೆಸ್ಟ್ ಓಎಸ್ (ವಿಎಂನಲ್ಲಿ ಓಡುವ ಓಎಸ್) ಒಳಗೆ ಒಂದು ಏಜೆಂಟ್ ಇರುತ್ತದೆ. ಅದು ಕನಿಷ್ಠ 30 ಸೆಕೆಂಡಿಗೊಮ್ಮೆ "ಆ್ಯಪ್ ಚೆನ್ನಾಗಿದೆ" ಅಂತ ಹೇಳುತ್ತಿರಬೇಕು. ಹೇಳದಿದ್ದರೆ ಎಚ್‌ಎ ವಿಎಂ ಅನ್ನು ರೀಸೆಟ್ ಮಾಡುತ್ತದೆ. ಆದರೆ ವಿಎಂವೇರ್ ಕೊಡುವುದು ಈ ದಾರಿ ಮಾತ್ರ. ಹೇಳುವ ಏಜೆಂಟ್ ಅನ್ನು ನೀವೇ ಬರೆಯಬೇಕು, ಇಲ್ಲವೇ ಕೊಳ್ಳಬೇಕು. ಬರೀ ಟಿಕ್ ಹಾಕಿ "ಆ್ಯಪ್ ಮಾನಿಟರಿಂಗ್ ಆನ್ ಇದೆ" ಅಂತ ಆಡಿಟ್‌ನಲ್ಲಿ ಹೇಳುವವರನ್ನು ನೋಡಿದ್ದೇನೆ. ಒಳಗೆ ಏಜೆಂಟ್ ಇಲ್ಲದಿದ್ದರೆ ಅದಕ್ಕೆ ಏನೂ ಅರ್ಥವಿಲ್ಲ.

ಹಾಗಾದ್ರೆ ಈ ಅಪ್ಲಿಕೇಶನ್ ಡ್ಯಾಶ್‌ಬೋರ್ಡ್ ಅನ್ನೋದು ಎಲ್ಲಿಂದ ಬಂತು?

ಈ ದಾರಿಯನ್ನು ಸರಿಯಾಗಿ ಬಳಸಿಕೊಂಡ ಹೆಸರುವಾಸಿ ಸರಕು ಸಿಮ್ಯಾಂಟೆಕ್‌ನ ಅಪ್ಲಿಕೇಶನ್‌ಎಚ್‌ಎ, 2010ರಲ್ಲಿ ಬಂತು. ಅದರ ಬೇರು ವೆರಿಟಾಸ್ ಕ್ಲಸ್ಟರ್ ಸರ್ವರ್. ಆ್ಯಪ್ ಬಿದ್ದರೆ ಮೊದಲು ವಿಎಂ ಒಳಗೇ ಅದನ್ನು ರೀಸ್ಟಾರ್ಟ್ ಮಾಡಿ ನೋಡುತ್ತಿತ್ತು. ಹೇಳಿದಷ್ಟು ಸಲ ಪ್ರಯತ್ನಿಸಿಯೂ ಏಳದಿದ್ದರೆ ಮಾತ್ರ ಎಚ್‌ಎಗೆ ಒಪ್ಪಿಸುತ್ತಿತ್ತು. ವಿಸ್ಪಿಯರ್ ಕ್ಲೈಂಟ್‌ನಲ್ಲೇ ಅದರದ್ದೊಂದು ಟ್ಯಾಬ್, ಜೊತೆಗೆ ಹಲವು ವಿಎಂಗಳ ಆ್ಯಪ್‌ಗಳನ್ನು ಒಟ್ಟಿಗೆ ತೋರಿಸುವ ಡ್ಯಾಶ್‌ಬೋರ್ಡ್. ಅಲ್ಲಿಂದಲೇ ಸ್ಟಾರ್ಟ್, ಸ್ಟಾಪ್, ಮೇಂಟೆನೆನ್ಸ್ ಮೋಡ್. ಇನ್‌ಫ್ರಾದವರು ಪ್ರತಿ ಸರ್ವರ್‌ಗೂ ಲಾಗಿನ್ ಆಗದೆ ಆ್ಯಪ್ ಸ್ಥಿತಿ ನೋಡುವುದು ಆಗ ದೊಡ್ಡ ಅನುಕೂಲವೇ ಆಗಿತ್ತು.

ಆಮೇಲೆ ಕಂಪನಿಗಳು ಒಡೆದವು, ಸೇರಿದವು. 2016ರಲ್ಲಿ ವೆರಿಟಾಸ್ ಸಿಮ್ಯಾಂಟೆಕ್‌ನಿಂದ ಬೇರೆಯಾಯಿತು. 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಬ್ರಾಡ್‌ಕಾಮ್ ಕೊಂಡಿತು. ವಿಎಂವೇರ್‌ನ ಸ್ವಂತ ಡ್ಯಾಶ್‌ಬೋರ್ಡ್ ಸಾಧನವೂ ವಿರಿಯಲೈಸ್ ಆಪರೇಷನ್ಸ್ ಇದ್ದದ್ದು ಏರಿಯಾ ಆಪರೇಷನ್ಸ್ ಆಗಿ, ಹೆಸರು ಬದಲಿಸುತ್ತಲೇ ಬಂದಿದೆ. ಹೆಸರು ಯಾವುದಾದರೂ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಈ ಪರದೆ ಆ್ಯಪ್‌ನ ಉತ್ತರವನ್ನು ನೋಡುತ್ತಿದೆಯಾ, ಅಥವಾ ವಿಎಂನ ಸಿಪಿಯು ಮೆಮೊರಿ ತೋರಿಸಿ ಸುಮ್ನೆ ಇದೆಯಾ?

ಹಸಿರು, ಕೆಂಪು ಗೊತ್ತು. ಬೂದು ಬಣ್ಣ ಬಂದ್ರೆ ಏನು ಮಾಡ್ಬೇಕು?

ಕೆಂಪಿಗಿಂತ ಬೇಗ ಎದ್ದು ನೋಡಬೇಕು.

ಕೆಂಪು ಬಂದರೆ ಏಜೆಂಟ್ ಜೀವಂತ ಇದೆ, ಅದು ತಪಾಸಣೆ ಮಾಡಿದೆ, ಆ್ಯಪ್ ಸರಿಯಿಲ್ಲ ಅಂತ ಹೇಳುತ್ತಿದೆ ಅಂತ ಅರ್ಥ. ಬೂದು ಬಂದರೆ ಯಾರೂ ಏನೂ ಹೇಳುತ್ತಿಲ್ಲ. ಏಜೆಂಟ್ ನಿಂತಿರಬಹುದು. ಫೈರ್‌ವಾಲ್ ರೂಲ್ ಬದಲಾಗಿರಬಹುದು. ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ಯಾರೋ ಮಾನಿಟರಿಂಗ್ ಆಫ್ ಮಾಡಿ ಮರೆತಿರಬಹುದು. ವಿಎಂ ಅನ್ನು ಕ್ಲೋನ್ ಮಾಡಿದಾಗ ಏಜೆಂಟ್‌ನ ಗುರುತೂ ನಕಲಾಗಿ ಇಬ್ಬರೂ ಜಗಳಾಡುತ್ತಿರಬಹುದು.

ಬೂದು ಟೈಲ್‌ಗಳನ್ನು ಜನ ಬೇಗ ರೂಢಿ ಮಾಡಿಕೊಳ್ಳುತ್ತಾರೆ. "ಅದು ಯಾವಾಗಲೂ ಹಾಗೇ ಇರುತ್ತದೆ" ಅನ್ನುವ ಮಾತು ಶಿಫ್ಟ್‌ನಿಂದ ಶಿಫ್ಟ್‌ಗೆ ದಾಟುತ್ತದೆ. ಒಂದು ನಿಯಮ ಇಟ್ಟುಕೊಳ್ಳಿ: ಬೂದು ಟೈಲ್ 24 ಗಂಟೆಗಿಂತ ಜಾಸ್ತಿ ಇದ್ದರೆ ಅದಕ್ಕೂ ಟಿಕೆಟ್. ಬೇಡವಾದ ಆ್ಯಪ್ ಆಗಿದ್ದರೆ ಡ್ಯಾಶ್‌ಬೋರ್ಡ್‌ನಿಂದ ತೆಗೆದುಬಿಡಿ.

ಹಳದಿ ಅಥವಾ "ಪಾರ್ಷಿಯಲ್" ಅಂತ ಬಂದರೆ ಒಂದೇ ಆ್ಯಪ್‌ನ ಕೆಲವು ಭಾಗ ಓಡುತ್ತಿದೆ, ಕೆಲವು ಇಲ್ಲ. ಡೇಟಾಬೇಸ್ ಇದೆ, ಅದಕ್ಕೆ ಬರುವ ಕನೆಕ್ಷನ್ ತೆಗೆದುಕೊಳ್ಳುವ ಲಿಸನರ್ ಇಲ್ಲ ಅನ್ನುವ ಹಾಗೆ.

ಆ್ಯಪ್ ಅನ್ನು ಡ್ಯಾಶ್‌ಬೋರ್ಡ್‌ನಿಂದಲೇ ನಿಲ್ಲಿಸಬೇಕಾ? ಸರ್ವರ್‌ಗೆ ಹೋಗಿ ಸರ್ವಿಸ್ ಸ್ಟಾಪ್ ಮಾಡಿದ್ರೆ ಆಗಲ್ವಾ?

ಏಜೆಂಟ್ ಇರುವ ಕಡೆ ಡ್ಯಾಶ್‌ಬೋರ್ಡ್‌ನಿಂದಲೇ ನಿಲ್ಲಿಸಿ. ಎರಡು ಕಾರಣ ಇವೆ.

ಒಂದು, ಕ್ರಮ. ಡೇಟಾಬೇಸ್‌ಗೆ ಮುಂಚೆ ವೆಬ್ ಭಾಗ ನಿಲ್ಲಬೇಕು, ಏಳುವಾಗ ಉಲ್ಟಾ. ಕಾನ್ಫಿಗರ್ ಮಾಡುವಾಗ ಈ ಅವಲಂಬನೆ ಬರೆದಿದ್ದರೆ ಡ್ಯಾಶ್‌ಬೋರ್ಡ್ ಅದನ್ನು ಪಾಲಿಸುತ್ತದೆ. ಕೈಯಲ್ಲಿ ಮಾಡುವವರು ರಾತ್ರಿ ಎರಡು ಗಂಟೆಗೆ ಮರೆಯುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ನೀವು ವಿಎಂ ಒಳಗೆ ಹೋಗಿ ಸರ್ವಿಸ್ ನಿಲ್ಲಿಸಿದಿರಿ ಅಂತ ಏಜೆಂಟ್‌ಗೆ ಹೇಗೆ ಗೊತ್ತಾಗಬೇಕು? ಅದರ ಪಾಲಿಗೆ ಆ್ಯಪ್ ಬಿದ್ದಿದೆ. ಬಿದ್ದದ್ದನ್ನು ಎಬ್ಬಿಸುವುದೇ ಅದರ ಕೆಲಸ. ಎಬ್ಬಿಸುತ್ತದೆ. ನೀವು ಮತ್ತೆ ನಿಲ್ಲಿಸುತ್ತೀರಿ, ಅದು ಮತ್ತೆ ಎಬ್ಬಿಸುತ್ತದೆ. ಹೇಳಿಟ್ಟ ಸಂಖ್ಯೆ ಮುಗಿದ ಮೇಲೆ "ಇದು ನನ್ನಿಂದ ಆಗದು" ಅಂತ ಎಚ್‌ಎಗೆ ಹೇಳುತ್ತದೆ. ಎಚ್‌ಎ ವಿಎಂ ಅನ್ನೇ ರೀಸೆಟ್ ಮಾಡುತ್ತದೆ.

ಮೇಂಟೆನೆನ್ಸ್ ಮೋಡ್ ಹಾಕಿದ್ವಿ, ಆದ್ರೂ ಪ್ಯಾಚಿಂಗ್ ಮಧ್ಯೆ ವಿಎಂ ರೀಬೂಟ್ ಆಯ್ತು. ಯಾಕೆ?

ಯಾವ ಮೇಂಟೆನೆನ್ಸ್ ಮೋಡ್ ಅಂತ ಮೊದಲು ನೋಡಿ. ಹೋಸ್ಟ್‌ಗೆ ಒಂದಿದೆ: ಅದನ್ನು ಹಾಕಿದರೆ ಹೋಸ್ಟ್ ಖಾಲಿಯಾಗುತ್ತದೆ, ಹೋಸ್ಟ್‌ಗಳ ನಡುವೆ ಲೋಡ್ ಹಂಚುವ ಡಿಆರ್‌ಎಸ್ ವಿಎಂಗಳನ್ನು ಬೇರೆ ಕಡೆ ಸಾಗಿಸುತ್ತದೆ. ಆ್ಯಪ್‌ಗೆ ಬೇರೆಯೇ ಇದೆ: ಅದನ್ನು ಹಾಕಿದರೆ ಏಜೆಂಟ್ ನೋಡುತ್ತಿರುತ್ತದೆ, ಕೈ ಹಾಕುವುದಿಲ್ಲ. ಗೊಂದಲ ಬಹಳ ಸಾಮಾನ್ಯ.

ಹೆಚ್ಚಾಗಿ ನಡೆಯುವುದು ಹೀಗೆ. ಭಾನುವಾರ ರಾತ್ರಿ ಒರಾಕಲ್ ಪ್ಯಾಚ್. ಚೇಂಜ್ ಟಿಕೆಟ್‌ನಲ್ಲಿ "ಮೇಂಟೆನೆನ್ಸ್ ಮೋಡ್" ಅಂತ ಒಂದು ಸಾಲು. ವಿಎಂವೇರ್ ಟೀಮಿನವರು ಅದನ್ನು ಓದಿ ಹೋಸ್ಟ್ ಅನ್ನು ಮೇಂಟೆನೆನ್ಸ್‌ಗೆ ಹಾಕುತ್ತಾರೆ. ವಿಎಂ ವಿಮೋಷನ್ ಆಗಿ, ಅಂದರೆ ಓಡುತ್ತಿರುವಂತೆಯೇ, ಪಕ್ಕದ ಹೋಸ್ಟ್‌ಗೆ ಹೋಗುತ್ತದೆ, ಅಲ್ಲಿ ಏಜೆಂಟ್ ಪೂರ್ತಿ ಎಚ್ಚರವಾಗಿದೆ. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಲಿಸನರ್ ನಿಲ್ಲಿಸಿ, ಡೇಟಾಬೇಸ್ ಶಟ್‌ಡೌನ್ ಮಾಡಿ, ಪ್ಯಾಚ್ ಶುರು ಮಾಡುತ್ತಾರೆ. ಫೈಲ್‌ಗಳು ಅರ್ಧ ಬದಲಾಗಿವೆ. ಏಜೆಂಟ್ ಡೇಟಾಬೇಸ್ ಎಬ್ಬಿಸಲು ನೋಡುತ್ತದೆ, ಆಗುವುದಿಲ್ಲ. ಮತ್ತೆ ನೋಡುತ್ತದೆ. ಆಮೇಲೆ ರೀಸೆಟ್. ಡಿಬಿಎ ಮುಂದಿನ ಪರದೆಯಲ್ಲಿ ಎಸ್‌ಎಸ್‌ಎಚ್ ಕನೆಕ್ಷನ್ ಕಟ್.

ಚೇಂಜ್ ಟಿಕೆಟ್‌ನಲ್ಲಿ ಪೂರ್ತಿ ಬರೆಯಿರಿ: "ಇಂಥ ವಿಎಂನ ಇಂಥ ಆ್ಯಪ್ ಅನ್ನು ಅಪ್ಲಿಕೇಶನ್ ಮೇಂಟೆನೆನ್ಸ್‌ಗೆ ಹಾಕಬೇಕು, ಹಾಕುವವರು ಇವರು, ತೆಗೆಯುವವರು ಇವರು, ಇಷ್ಟು ಗಂಟೆಗೆ." ತೆಗೆಯುವ ಹೆಸರು ಮತ್ತು ಸಮಯ ಬಿಟ್ಟುಹೋಗುವುದೇ ಹೆಚ್ಚು. ಪ್ಯಾಚ್ ಸರಿಯಾಗಿ ಮುಗಿದ ಖುಷಿಯಲ್ಲಿ ಎಲ್ಲರೂ ಮಲಗುತ್ತಾರೆ, ಆ್ಯಪ್ ವಾರಗಟ್ಟಲೆ ಕಾವಲಿಲ್ಲದೆ ಇರುತ್ತದೆ. ಆದ್ದರಿಂದ ಡ್ಯಾಶ್‌ಬೋರ್ಡ್‌ನಲ್ಲಿ "ಈಗ ಮೇಂಟೆನೆನ್ಸ್‌ನಲ್ಲಿರುವ ಆ್ಯಪ್‌ಗಳು, ಯಾವಾಗಿನಿಂದ" ಅನ್ನುವ ಪಟ್ಟಿ ಇರಲೇಬೇಕು. ಸಿಪಿಯು ಗ್ರಾಫ್ ತೆಗೆದರೂ ಪರವಾಗಿಲ್ಲ, ಈ ಪಟ್ಟಿ ತೆಗೆಯಬೇಡಿ.

ಆ್ಯಪ್ ಟೀಮಿಗೆ ಡ್ಯಾಶ್‌ಬೋರ್ಡ್ ಪರ್ಮಿಷನ್ ಕೊಡಬಹುದಾ?

ನೋಡಲು ಎಲ್ಲರಿಗೂ ಕೊಡಿ. ಸ್ಟಾರ್ಟ್, ಸ್ಟಾಪ್ ಅವರ ಆ್ಯಪ್‌ಗೆ ಮಾತ್ರ. ವಿಸೆಂಟರ್‌ನಲ್ಲಿ ಫೋಲ್ಡರ್ ಮಾಡಿ ಅದರ ಮೇಲೆ ರೋಲ್ ಕೊಡುವುದು ಸುಲಭ. ಆದರೆ ಒಂದು ವಿಷಯ ಗಮನಿಸಿ: ಆ್ಯಪ್ ಡ್ಯಾಶ್‌ಬೋರ್ಡ್‌ಗೆ ತನ್ನದೇ ಪರ್ಮಿಷನ್ ವ್ಯವಸ್ಥೆ ಇದ್ದರೆ, ವಿಸೆಂಟರ್‌ನಲ್ಲಿ ಕೊಟ್ಟಿದ್ದು ಅಲ್ಲಿ ತಾನಾಗಿ ಬರುವುದಿಲ್ಲ. ಎರಡೂ ಕಡೆ ನೋಡಬೇಕು. "ಅಡ್ಮಿನ್" ಅಂತ ಒಂದೇ ಲಾಗಿನ್ ಮಾಡಿ ಇಡೀ ಶಿಫ್ಟ್‌ಗೆ ಹಂಚುವುದು ಬೇಡ. ಸ್ಟಾಪ್ ಒತ್ತಿದ್ದು ಯಾರು ಅಂತ ನಾಳೆ ಲಾಗ್ ಹೇಳಬೇಕಲ್ವಾ.

ವಿಸೆಂಟರೇ ಬಿದ್ದುಹೋದ್ರೆ?

ಎಚ್‌ಎ ನಿಲ್ಲುವುದಿಲ್ಲ. ಎಫ್‌ಡಿಎಂ ಏಜೆಂಟ್‌ಗಳು ಹೋಸ್ಟ್‌ಗಳಲ್ಲೇ ಇವೆ, ವಿಸೆಂಟರ್ ಇಲ್ಲದಿದ್ದರೂ ಹೋಸ್ಟ್ ಬಿದ್ದರೆ ವಿಎಂ ರೀಸ್ಟಾರ್ಟ್ ಆಗುತ್ತದೆ. ವಿಎಂ ಒಳಗಿನ ಏಜೆಂಟ್ ಕೂಡ ತನ್ನ ಪಾಡಿಗೆ ಆ್ಯಪ್ ನೋಡಿಕೊಳ್ಳುತ್ತದೆ. ಹೋಗುವುದು ನಿಮ್ಮ ಕಣ್ಣು: ವಿಸ್ಪಿಯರ್ ಕ್ಲೈಂಟ್ ಒಳಗಿನ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲು.

ಹಾಗಾಗಿ ಹೊರಗಿನಿಂದ ಆ್ಯಪ್ ನೋಡುವ ಇನ್ನೊಂದು ತಪಾಸಣೆ ಬೇಕು, ಅದೂ ಅದೇ ಕ್ಲಸ್ಟರ್ ಮೇಲೆ ಇರಬಾರದು. ಮಾನಿಟರಿಂಗ್ ಸರ್ವರ್ ಅನ್ನೂ ಅದೇ ಸ್ಟೋರೇಜ್ ಮೇಲೆ ಇಟ್ಟು, ಸ್ಟೋರೇಜ್ ಹೋದ ದಿನ "ಯಾಕೆ ಅಲರ್ಟ್ ಬರಲಿಲ್ಲ?" ಅಂತ ಕೇಳುವ ಸಭೆಗಳು ನಡೆಯುತ್ತಲೇ ಇರುತ್ತವೆ.

ಹೊರಗಿನ ತಪಾಸಣೆ ಅಂದ್ರೆ ಪಿಂಗ್ ಸಾಕಾ?

ಸಾಲದು. ಲಾಗಿನ್ ಪುಟ ತೆರೆದು 200 (ಪುಟ ಸರಿಯಾಗಿ ಸಿಕ್ಕಿತು ಅನ್ನುವ ಕೋಡ್) ಬಂತು ಅನ್ನುವುದೂ ಸಾಲದು, ಯಾಕೆಂದರೆ ಆ ಪುಟ ಡೇಟಾಬೇಸ್ ಇಲ್ಲದೆಯೂ ಬರುತ್ತದೆ. ಆ್ಯಪ್ ಟೀಮಿಗೆ ಹೇಳಿ ಒಂದು ಹೆಲ್ತ್ ಯುಆರ್‌ಎಲ್ ಬರೆಸಿ. ಅದು ಡೇಟಾಬೇಸ್‌ನಲ್ಲಿ ಒಂದು ಸಣ್ಣ ಕ್ವೆರಿ ಓಡಿಸಿ ಉತ್ತರ ಕೊಡಬೇಕು. ಭಾರವಾದ ಕ್ವೆರಿ ಹಾಕಬೇಡಿ. ಹತ್ತು ಸೆಕೆಂಡಿಗೊಮ್ಮೆ ಹಲವು ಕಡೆಯಿಂದ ಕೇಳಿದರೆ ತಪಾಸಣೆಯೇ ಆ್ಯಪ್‌ಗೆ ಹೊರೆಯಾಗುತ್ತದೆ.

ಉತ್ತರ ಬಂತಾ ಅನ್ನುವುದರ ಜೊತೆ ಎಷ್ಟು ಹೊತ್ತಿಗೆ ಬಂತು ಅಂತಲೂ ಅಳೆಯಿರಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಂಬರ್ ಹಾಕಿ ಕಾದು ಕೂತ ಮನೆಯವರಿಗೆ 40 ಸೆಕೆಂಡಿನ ಪುಟವೂ ಒಂದೇ, ಬಾರದ ಪುಟವೂ ಒಂದೇ.

ವಿಮೋಷನ್ ಆದಾಗ, ಬ್ಯಾಕಪ್ ಸ್ನ್ಯಾಪ್‌ಶಾಟ್ ತೆಗೆದಾಗ ಡ್ಯಾಶ್‌ಬೋರ್ಡ್ ಒಮ್ಮೆ ಕೆಂಪಾಗಿ ಹಸಿರಾಗ್ತದೆ. ತಲೆಕೆಡಿಸಿಕೊಳ್ಳಬೇಕಾ?

ವಿಮೋಷನ್‌ನ ಕೊನೆಯಲ್ಲಿ ವಿಎಂ ಕ್ಷಣಕಾಲ ನಿಲ್ಲುತ್ತದೆ, ಸಾಮಾನ್ಯವಾಗಿ ಸೆಕೆಂಡಿನೊಳಗೆ. ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯುವಾಗ, ಅದಕ್ಕಿಂತ ಹೆಚ್ಚಾಗಿ ಅಳಿಸುವಾಗ, ಈ ನಿಲುಗಡೆ ಉದ್ದವಾಗಬಹುದು. ಬರವಣಿಗೆ ಜಾಸ್ತಿ ಇರುವ ಡೇಟಾಬೇಸ್ ವಿಎಂನಲ್ಲಿ, ನಿಧಾನದ ಸ್ಟೋರೇಜ್ ಮೇಲೆ, ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ಸಾದಾ ವೆಬ್ ಸರ್ವರ್ ಆದರೆ ಬಿಟ್ಟುಬಿಡಿ. ವಿಂಡೋಸ್ ಫೇಲೋವರ್ ಕ್ಲಸ್ಟರ್ (ಒಂದು ಸರ್ವರ್, ಅಂದರೆ ನೋಡ್, ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಗುಂಪು) ಇದ್ದರೆ ಬಿಡಬೇಡಿ. ಅದರ ನೋಡ್‌ಗಳು ಸೆಕೆಂಡಿಗೊಂದು ಹಾರ್ಟ್‌ಬೀಟ್ ಕಳಿಸುತ್ತವೆ. ಒಂದೇ ಸಬ್‌ನೆಟ್‌ನಲ್ಲಿ ಎಷ್ಟು ತಪ್ಪಿದರೆ ನೋಡ್ ಹೋಯಿತು ಅನ್ನುವ ಮಿತಿ ಹಳೆಯ ವಿಂಡೋಸ್ ಸರ್ವರ್‌ಗಳಲ್ಲಿ 5, ವಿಂಡೋಸ್ ಸರ್ವರ್ 2016ರಲ್ಲಿ 10. ಹಳೆಯ ಮಿತಿ ಇಟ್ಟುಕೊಂಡು ರಾತ್ರಿ ಬ್ಯಾಕಪ್ ಓಡಿಸಿದರೆ ಎಸ್‌ಕ್ಯುಎಲ್ ಸುಮ್ಮನೆ ಫೇಲೋವರ್ ಆಗುತ್ತದೆ. ಪ್ರತಿ ರಾತ್ರಿ ಅದೇ ಹೊತ್ತಿಗೆ ಕೆಂಪು ಬರುತ್ತಿದ್ದರೆ ಬ್ಯಾಕಪ್ ವೇಳಾಪಟ್ಟಿ ಪಕ್ಕದಲ್ಲಿಟ್ಟು ನೋಡಿ. ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಎರಡು ನೋಡ್ ಇದ್ವು, ಎರಡೂ ಒಟ್ಟಿಗೇ ಹೋದ್ವು. ಹೇಗೆ ಸಾಧ್ಯ?

ಎರಡೂ ಒಂದೇ ಹೋಸ್ಟ್‌ನಲ್ಲಿದ್ದವು. ಡಿಆರ್‌ಎಸ್ ಲೋಡ್ ನೋಡಿ ವಿಎಂಗಳನ್ನು ಸರಿಸುತ್ತದೆ, ಅವು ಪರಸ್ಪರ ಬದಲಿಗೆ ಇರುವವು ಅಂತ ಅದಕ್ಕೆ ಹೇಳಿರಲಿಲ್ಲ. ಇವೆರಡನ್ನು ಒಂದೇ ಹೋಸ್ಟ್ ಮೇಲೆ ಇಡಬೇಡ ಅನ್ನುವ ಆ್ಯಂಟಿ ಅಫಿನಿಟಿ ರೂಲ್ ಹಾಕಿ. ಡ್ಯಾಶ್‌ಬೋರ್ಡ್‌ನಲ್ಲಿ ಆ್ಯಪ್ ಹೆಸರಿನ ಜೊತೆ ಈಗ ಯಾವ ಹೋಸ್ಟ್, ಯಾವ ಡೇಟಾಸ್ಟೋರ್ ಅನ್ನುವ ಎರಡು ಕಾಲಂ ಇಟ್ಟರೆ ಒಂದು ನೋಟಕ್ಕೆ ಸಿಕ್ಕಿಬೀಳುತ್ತದೆ. ಹೋಸ್ಟ್ ಬೇರೆ, ಡೇಟಾಸ್ಟೋರ್ ಒಂದೇ ಅನ್ನುವ ಪ್ರಕರಣಗಳೂ ಕಡಿಮೆಯಿಲ್ಲ.

ಹೋಸ್ಟ್ ಬಿದ್ದಾಗ ಎಲ್ಲ ವಿಎಂ ಎದ್ವು, ಆದ್ರೂ ಆ್ಯಪ್ ಏಳ್ಲಿಲ್ಲ.

ಡೇಟಾಬೇಸ್‌ಗಿಂತ ಮುಂಚೆ ಆ್ಯಪ್ ಸರ್ವರ್ ಎದ್ದು, ಕನೆಕ್ಷನ್ ಸಿಗದೆ ಸೋತು ಕೂತಿರುತ್ತದೆ. ವಿಸ್ಪಿಯರ್ 6.5ರಿಂದ ಇದಕ್ಕೆ ಒಳ್ಳೆಯ ಪರಿಹಾರ ಇದೆ. ರೀಸ್ಟಾರ್ಟ್ ಆದ್ಯತೆಗೆ 5 ಹಂತಗಳಿವೆ, ಜೊತೆಗೆ ವಿಎಂ ಗುಂಪುಗಳ ನಡುವೆ "ಇದು ಎದ್ದ ಮೇಲೆ ಅದು" ಅನ್ನುವ ರೂಲ್ ಹಾಕಬಹುದು.

ಇದರಲ್ಲಿ "ಎದ್ದಿದೆ" ಅನ್ನುವುದಕ್ಕೆ ಏನು ಗುರುತು ಅಂತ ನೀವೇ ಆರಿಸುತ್ತೀರಿ: ಸಂಪನ್ಮೂಲ ಹಂಚಿಕೆಯಾದರೆ ಸಾಕಾ, ಪವರ್ ಆನ್ ಆದರೆ ಸಾಕಾ, ಗೆಸ್ಟ್ ಹಾರ್ಟ್‌ಬೀಟ್ ಬರಬೇಕಾ, ಆ್ಯಪ್ ಹಾರ್ಟ್‌ಬೀಟ್ ಬರಬೇಕಾ. ಏಜೆಂಟ್ ಹಾಕಿದ ಶ್ರಮಕ್ಕೆ ಪೂರ್ತಿ ಬೆಲೆ ಸಿಗುವುದು ಈ ನಾಲ್ಕನೆಯದರಲ್ಲಿ. ಆದ್ಯತೆಯ ಹಂತಗಳಲ್ಲಿ ಗುರುತು ಬಾರದೇ ಹೋದರೆ ಎಚ್‌ಎ ಶಾಶ್ವತವಾಗಿ ಕಾಯುವುದಿಲ್ಲ. ನೀವು ಬದಲಿಸದಿದ್ದರೆ 600 ಸೆಕೆಂಡು ಕಾದು ಮುಂದೆ ಹೋಗುತ್ತದೆ. ದೊಡ್ಡ ಡೇಟಾಬೇಸ್ ರಿಕವರಿಗೆ ಅಷ್ಟು ಸಾಲದಿದ್ದರೆ ಹೆಚ್ಚಿಸಿ.

ಕೆಲವು ವಿಎಂ ಏಳಲೇ ಇಲ್ಲ, ರಿಸೋರ್ಸ್ ಸಾಲದು ಅಂತ ಬಂತು ಅಂದರೆ ಅದು ಹೋಸ್ಟ್ ಬಿದ್ದಾಗ ಬೇಕಾಗುವ ಜಾಗವನ್ನು ಮೊದಲೇ ಕಾಯ್ದಿರಿಸುವ ಅಡ್ಮಿಷನ್ ಕಂಟ್ರೋಲ್ ಕಥೆ. ಜಾಗ ಬೇಕು ಅಂತ ಯಾರೋ ಅದನ್ನು ಆಫ್ ಮಾಡಿ ಕ್ಲಸ್ಟರ್ ತುಂಬಿಸಿರುತ್ತಾರೆ.

ಸೇವೆ ಶೇಕಡಾ 99.9 ಹೊತ್ತು ಇರ್ತದೆ ಅಂತ ಕ್ಲೈಂಟ್‌ಗೆ ಬರೆದುಕೊಟ್ಟಿದ್ದೇವೆ. ಲೆಕ್ಕದಲ್ಲಿ ಎಷ್ಟು?

30 ದಿನದ ತಿಂಗಳಿಗೆ 43 ನಿಮಿಷ 12 ಸೆಕೆಂಡು ನಿಲ್ಲಬಹುದು. 99.99 ಆದರೆ 4 ನಿಮಿಷ 19 ಸೆಕೆಂಡು. ಅಂದರೆ ಒಂದು ವಿಎಂ ಒಮ್ಮೆ ನಿಧಾನವಾಗಿ ಬೂಟ್ ಆದರೆ ಆ ತಿಂಗಳ ಕೋಟಾ ಮುಗಿಯಿತು.

ವೆಬ್, ಆ್ಯಪ್, ಡೇಟಾಬೇಸ್ ಮೂರೂ ತಲಾ 99.9, ಮೂರರಲ್ಲಿ ಯಾವುದು ಬಿದ್ದರೂ ಸೇವೆ ನಿಲ್ಲುತ್ತದೆ ಅಂದುಕೊಳ್ಳಿ. ಆಗ ಒಟ್ಟು 99.7. ತಿಂಗಳಿಗೆ ಎರಡು ಗಂಟೆಗೂ ಜಾಸ್ತಿ. ಡ್ಯಾಶ್‌ಬೋರ್ಡ್ ಮೂರು ಹಸಿರು 99.9 ತೋರಿಸುತ್ತಿರುವಾಗಲೇ ಕ್ಲೈಂಟ್ ಜೊತೆ ಜಗಳ ಬರುವುದು ಹೀಗೆ. ಒಂದೊಂದು ವಿಎಂಗೆ ಬೇರೆ ಬೇರೆ ಶೇಕಡಾ ತೋರಿಸಬೇಡಿ, ಸೇವೆಗೆ ಒಂದು ತೋರಿಸಿ. ಪ್ಲ್ಯಾನ್ ಮಾಡಿದ ಮೇಂಟೆನೆನ್ಸ್ ಈ ಲೆಕ್ಕಕ್ಕೆ ಸೇರುತ್ತದಾ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ತಿಂಗಳ ಕೊನೆಗೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಡ್ಯಾಶ್‌ಬೋರ್ಡ್ ಒಂದು ಟೈಮ್ ಹೇಳ್ತದೆ, ಲಾಗ್ ಇನ್ನೊಂದು ಹೇಳ್ತದೆ. ಯಾವುದನ್ನು ನಂಬೋದು?

ಐದೂವರೆ ಗಂಟೆ ವ್ಯತ್ಯಾಸ ಇದೆಯಾ? ಹಾಗಿದ್ದರೆ ಎರಡೂ ಸರಿ. ಹೋಸ್ಟ್ ಮೇಲೆ ಓಡುವ ವಿಎಂವೇರ್ ಹೈಪರ್‌ವೈಸರ್ ಇಎಸ್‌ಎಕ್ಸ್‌ಐನ ಲಾಗ್‌ಗಳು ಯುಟಿಸಿಯಲ್ಲಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ) ಬರುತ್ತವೆ. ವಿಸ್ಪಿಯರ್ ಕ್ಲೈಂಟ್ ಸಾಮಾನ್ಯವಾಗಿ ನಿಮ್ಮ ಬ್ರೌಸರ್‌ನ ಸಮಯ ತೋರಿಸುತ್ತದೆ. ಬೆಂಗಳೂರಿನ ರಾತ್ರಿ ಶಿಫ್ಟ್‌ನಲ್ಲಿ ಅಮೆರಿಕದ ಸರ್ವರ್ ನೋಡುತ್ತಿದ್ದರೆ ಗೆಸ್ಟ್ ಓಎಸ್‌ನದ್ದು ಮೂರನೇ ಸಮಯ. ಅದೂ ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಬದಲಾಗುತ್ತದೆ. ರಾತ್ರಿ 1.10ಕ್ಕೆ ಆದದ್ದು ಹೋಸ್ಟ್ ಲಾಗ್‌ನಲ್ಲಿ ಹಿಂದಿನ ದಿನದ 19.40 ಆಗಿರುತ್ತದೆ. ತಾರೀಖೇ ಬೇರೆ, ಹುಡುಕಿದರೆ ಹೇಗೆ ಸಿಗಬೇಕು? ಇನ್ಸಿಡೆಂಟ್ ಟಿಕೆಟ್‌ನಲ್ಲಿ ಸಮಯದ ಮುಂದೆ ಐಎಸ್‌ಟಿ ಅಥವಾ ಯುಟಿಸಿ ಅಂತ ಬರೆಯುವುದನ್ನು ಕಡ್ಡಾಯ ಮಾಡಿ.

ವ್ಯತ್ಯಾಸ ಎರಡು ಮೂರು ನಿಮಿಷದ್ದಾಗಿದ್ದರೆ ಸರ್ವರ್ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ನೋಡಿ.

ಅಲರ್ಟ್ ಮೇಲ್ ಎಷ್ಟು ಬರ್ತದೆ ಅಂದ್ರೆ ಯಾರೂ ಓದಲ್ಲ.

ಸಹಜ. ಒಂದು ಹೋಸ್ಟ್ ಬಿದ್ದರೆ ಅದರ 30 ವಿಎಂಗಳಿಗೆ 30 ಮೇಲ್, ಅವುಗಳ ಆ್ಯಪ್‌ಗಳಿಗೆ ಇನ್ನಷ್ಟು. ಹೋಸ್ಟ್ ಬಿದ್ದಾಗ ಕೆಳಗಿನವನ್ನು ತಡೆದು ಒಂದೇ ಕಳಿಸುವ ಹಾಗೆ ಮಾಡಿ. ಏಜೆಂಟ್ ಆ್ಯಪ್ ಅನ್ನು ತಾನೇ ಎಬ್ಬಿಸಿದರೆ ರಾತ್ರಿ ಯಾರಿಗೂ ಫೋನ್ ಬೇಡ, ಬೆಳಗಿನ ಪಟ್ಟಿಗೆ ಸೇರಲಿ. ಆದರೆ ಆ ಪಟ್ಟಿಯನ್ನು ಯಾರಾದರೂ ಓದಬೇಕು. ದಿನಾ ನಾಲ್ಕು ಸಲ ಬಿದ್ದು ಏಳುವ ಆ್ಯಪ್ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರಾಗೇ ಕಾಣುತ್ತದೆ.

ಗೋಡೆಯ ಟಿವಿಯಲ್ಲಿ ಏನೇನು ಹಾಕೋದು?

ಕಡಿಮೆ. ಸೇವೆಗಳ ಟೈಲ್‌ಗಳು, ಮೇಂಟೆನೆನ್ಸ್ ಪಟ್ಟಿ, 24 ಗಂಟೆಯ ರೀಸ್ಟಾರ್ಟ್ ಎಣಿಕೆ. ಸಿಪಿಯು ಗ್ರಾಫ್‌ಗಳು ಸಂದರ್ಶಕರಿಗೆ ಚೆಂದ ಕಾಣುತ್ತವೆ, ಶಿಫ್ಟ್‌ನವರಿಗೆ ಏನೂ ಹೇಳುವುದಿಲ್ಲ. ಪುಟ ರಿಫ್ರೆಶ್ ಆಗಿ ಎಷ್ಟು ಹೊತ್ತಾಯಿತು ಅನ್ನುವುದೂ ಕಾಣಲಿ. ಸೆಷನ್ ಮುಗಿದು ನಿನ್ನೆಯ ಹಸಿರನ್ನೇ ತೋರಿಸುತ್ತ ನಿಂತ ಟಿವಿಗಳುಂಟು.

ನಮ್ಮದು ಸಣ್ಣ ಸೆಟಪ್, ಬ್ರಾಡ್‌ಕಾಮ್ ಬಂದ ಮೇಲೆ ಲೈಸೆನ್ಸ್ ಭಾರ ಆಗಿದೆ. ಬೇರೆ ದಾರಿ?

ಪರ್ಪೆಚುಯಲ್ ಲೈಸೆನ್ಸ್ ನಿಲ್ಲಿಸಿ ಸಬ್‌ಸ್ಕ್ರಿಪ್ಷನ್‌ಗೆ ಹೋದ ಮೇಲೆ ಈ ಪ್ರಶ್ನೆ ಬಹಳ ಬರುತ್ತಿದೆ.

ಓಪನ್ ಸೋರ್ಸ್ ಹೈಪರ್‌ವೈಸರ್ ಆದ ಪ್ರಾಕ್ಸ್‌ಮಾಕ್ಸ್‌ನಲ್ಲೂ ಎಚ್‌ಎ ಇದೆ. ಕೋರಂಗೆ (ತೀರ್ಮಾನಕ್ಕೆ ಬೇಕಾದ ಬಹುಮತಕ್ಕೆ) ಕನಿಷ್ಠ 3 ನೋಡ್ ಬೇಕು. ಹೋಸ್ಟ್ ಬಿದ್ದದ್ದು ಗೊತ್ತಾಗಿ ವಿಎಂ ಬೇರೆ ಕಡೆ ಏಳಲು ಸುಮಾರು 2 ನಿಮಿಷ. ವಿಎಂ ಒಳಗಿನ ಆ್ಯಪ್ ಬಗ್ಗೆ ಅದು ಕೇಳುವುದಿಲ್ಲ. ಮೈಕ್ರೋಸಾಫ್ಟ್‌ನ ಹೈಪರ್‌ವಿ ಇದ್ದರೆ ವಿಂಡೋಸ್ ಸರ್ವರ್ 2012ರಿಂದ ಫೇಲೋವರ್ ಕ್ಲಸ್ಟರ್‌ಗೆ ವಿಎಂ ಒಳಗಿನ ವಿಂಡೋಸ್ ಸರ್ವಿಸ್ ಒಂದನ್ನು ಗಮನಿಸಲು ಹೇಳಬಹುದು. ಸರ್ವಿಸ್ ಏಳದಿದ್ದರೆ ವಿಎಂ ರೀಸ್ಟಾರ್ಟ್ ಮಾಡುತ್ತದೆ, ಹೋಸ್ಟ್‌ನಲ್ಲಿ 1250 ಅನ್ನುವ ಈವೆಂಟ್ ಬರೆಯುತ್ತದೆ.

ಇವುಗಳ ಮೇಲೆ ಅಳತೆಗಳನ್ನು ಕೂಡಿಡುವ ಪ್ರೊಮಿಥಿಯಸ್ ಮತ್ತು ಅವನ್ನು ಪರದೆಗೆ ತರುವ ಗ್ರಫಾನಾ ಹಾಕಿಕೊಂಡರೆ ಡ್ಯಾಶ್‌ಬೋರ್ಡ್ ಸಿದ್ಧ. ಪ್ರೊಮಿಥಿಯಸ್‌ನ ಹೊರಗಿನಿಂದ ತಪಾಸಣೆ ಮಾಡುವ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್‌ಗೆ ಮೇಲೆ ಹೇಳಿದ ಹೆಲ್ತ್ ಯುಆರ್‌ಎಲ್ ಕೊಡಿ. ಲಿನಕ್ಸ್ ಒಳಗೆ ಆ್ಯಪ್ ಎಬ್ಬಿಸುವ ಕೆಲಸಕ್ಕೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ರೀಸ್ಟಾರ್ಟ್ ಸೆಟ್ಟಿಂಗ್ ಇದೆ. ಪ್ರೊಸೆಸ್ ಸತ್ತರೆ ಅದು ಎಬ್ಬಿಸುತ್ತದೆ. ಮೊದಲ ಉತ್ತರದಲ್ಲಿ ಹೇಳಿದ, ಸಾಯದೆ ಒದ್ದಾಡುವ ಟಾಮ್‌ಕ್ಯಾಟ್‌ಗೆ ಅದು ಸಾಲದು. ಅದಕ್ಕೆ ಹೆಲ್ತ್ ಯುಆರ್‌ಎಲ್ ಕೇಳಿ ರೀಸ್ಟಾರ್ಟ್ ಮಾಡುವ ಸಣ್ಣ ಸ್ಕ್ರಿಪ್ಟ್ ಬೇಕು. ದುಡ್ಡು ಉಳಿಯುತ್ತದೆ, ಕಟ್ಟಿ ಕಾಯುವ ಕೆಲಸ ನಿಮ್ಮ ಮೇಲೆ ಬರುತ್ತದೆ.

ಇದೆಲ್ಲ ಸರಿಯಾಗಿ ಕೆಲಸ ಮಾಡ್ತದಾ ಅಂತ ನೋಡೋದು ಹೇಗೆ?

ಬೀಳಿಸಿ ನೋಡಿ. ಮೊದಲು ಟೆಸ್ಟ್ ವಿಎಂನಲ್ಲಿ, ಆಮೇಲೆ ಒಪ್ಪಿಗೆ ತೆಗೆದುಕೊಂಡು ಪ್ರೊಡಕ್ಷನ್‌ನಲ್ಲಿ.

ಪ್ರೊಸೆಸ್ ಅನ್ನು ಕಿಲ್ 9 ಮಾಡುವುದು, ಅಂದರೆ ಬಲವಂತವಾಗಿ ಕೊಲ್ಲುವುದು, ಎಲ್ಲರೂ ಮಾಡುವ ಪರೀಕ್ಷೆ, ಅದು ಸುಲಭವಾಗಿ ಪಾಸ್ ಆಗುತ್ತದೆ. ಕೊಲ್ಲದೆ ತಡೆದು ನಿಲ್ಲಿಸುವ ಕಿಲ್ ಸ್ಟಾಪ್ ಕೊಟ್ಟು ನೋಡಿ: ಪ್ರೊಸೆಸ್ ಇರುತ್ತದೆ, ಪೋರ್ಟ್ ತೆರೆದಿರುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಎಷ್ಟು ಹೊತ್ತಿಗೆ ಡ್ಯಾಶ್‌ಬೋರ್ಡ್ ಕೆಂಪಾಯಿತು, ಎಷ್ಟು ಹೊತ್ತಿಗೆ ಆ್ಯಪ್ ಎದ್ದಿತು, ಫೋನ್ ಯಾರಿಗೆ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಏಜೆಂಟ್ ಅನ್ನೇ ನಿಲ್ಲಿಸಿ ಬೂದು ಬರುತ್ತದಾ ನೋಡಿ. ಡಿಸ್ಕ್ ತುಂಬಿಸಿ ನೋಡಿ. ಕೊನೆಗೆ ಒಂದು ಹೋಸ್ಟ್‌ನ ಪವರ್ ತೆಗೆಯಿರಿ. ರೀಬೂಟ್ ಕಮಾಂಡ್ ಬೇಡ, ಸರ್ವರ್ ಅನ್ನು ದೂರದಿಂದ ನಿಯಂತ್ರಿಸುವ ಐಲೋ ಅಥವಾ ಐಡ್ರ್ಯಾಕ್‌ನಿಂದ ನೇರ ಪವರ್ ಆಫ್. ಆ ಹೋಸ್ಟ್‌ನಲ್ಲಿ ವಿಸೆಂಟರ್ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಇದ್ದರೂ ತೊಂದರೆಯಿಲ್ಲ, ಅದೂ ಪರೀಕ್ಷೆಯ ಭಾಗವೇ, ಆದರೆ ಅದು ಮತ್ತೆ ಏಳುವ ತನಕ ನೋಡಲು ಪರದೆ ಇರುವುದಿಲ್ಲ ಅಂತ ಮ್ಯಾನೇಜರ್‌ಗೆ ಮುಂಚೆಯೇ ಹೇಳಿಡಿ.